ಅಳೂ ಹುಡುಗಿ ಮತ್ತ ಬಂದ್ಳು

ಈ ಸಲ ಅಡಗಿ ವಿಷಯ ಅಲ್ರಿ, ಕ್ರಿಕೆಟ್ ಬಗ್ಗೆ ಬರಿಯಾಕತ್ತೇನಿ. ನಗಬ್ಯಾಡ್ರಿ.

ನಮ್ಮ ಮನ್ಯಾಗ ಕ್ರಿಕೆಟ್ ಅಂದ್ರ ಗಂಡಸರದ್ದು. ನಮ್ಮ ಮನಿಯವರು, ಮಗ ಇಬ್ರೂ ಆರ್‌ಸಿಬಿ ಆರ್‌ಸಿಬಿ ಅಂತ 16 ವರ್ಷ ಕೂಗಿ ಗಂಟಲಾ ಹರಕೊಂಡಾರ. 2009, 2011, 2016, ಮೂರು ಸಲ ಫೈನಲ್‌ಗೆ ಹೋತು, ಮೂರೂ ಸಲ ಸೋತ ಬಂತು. ಸೋತ ದಿನ ನಾ ಮಾಡಿದ ರೊಟ್ಟಿ ಬುಟ್ಟ್ಯಾಗ ಹಂಗ ಉಳೀತಿದ್ವು. ಹಿಂಗಾಗಿ ನನಗ ಆ ಟೀಮಿನ ಮ್ಯಾಲೆ ಸಿಟ್ಟ ಇತ್ತು.

2024ರ ಫೆಬ್ರುವರಿ 24ಕ್ಕ ನಮ್ಮ ಅತ್ತಿಯವರು ಸೀರಿಯಲ್ ಹಚ್ಚಾಕ ಹೋಗಿ ರಿಮೋಟಿನ ಬ್ಯಾರೆ ಗುಂಡಿ ಒತ್ತಿದ್ರು. "ಹೆಣ್ಣ ಹುಡುಗ್ಯಾರು ಆಡಾಕತ್ತಾರ, ಬಾ ಇಲ್ಲೆ" ಅಂತ ಕರದ್ರು. ನೋಡಿದ್ರ ಅದೂ ಆರ್‌ಸಿಬಿನ, ಹೆಣ್ಣಮಕ್ಕಳ ಟೀಮು. ಅದರ ಹಿಂದಿನ ವರ್ಷ ಇವರು 8 ಮ್ಯಾಚಿನ್ಯಾಗ ಎರಡ ಗೆದ್ದಿದ್ರಂತ. ಅವತ್ತ ಯುಪಿ ಟೀಮಿನ ಜೋಡಿ ಎರಡ ರನ್ನಿಲೆ ಗೆದ್ರು. ಆಶಾ ಶೋಭನಾ ಅಂತ ತಿರುವನಂತಪುರದಾಕಿ ಒಬ್ಬಾಕಿನ ಐದ ವಿಕೆಟ್ ತಗದ್ಳು. ಅಕಿಗೆ 32 ವರ್ಷ ಅಂತ ಟಿವ್ಯಾಗ ಹೇಳಿದ್ರು. ನಾ ಮೆಂತೆ ಸೊಪ್ಪ ಸೋಸೂದು ಬಿಟ್ಟು ನಿಂತೆ. ನಮ್ಮ ಮಗಳಿಗೂ ಅಷ್ಟ ವಯಸ್ಸು.

ಅವತ್ತಿಂದ ಸೀರಿಯಲ್ ಬಂದ್. ಅತ್ತಿಯವರಿಗೆ ಆಟ ತಿಳಿಸಿ ಹೇಳೂದ ಒಂದ ಕೆಲಸ ಆತು. ಚಿಣಿಫಣಿ ಹಂಗ ಅಂತ ತಿಳ್ಕೋರಿ ಅಂದೆ. ಎಲಿಸ್ ಪೆರಿ ಅಂತ ಆಸ್ಟ್ರೇಲಿಯಾದಾಕಿ ಒಂದ ದಿನ ಸಿಕ್ಸರ್ ಹೊಡದ್ಳು ನೋಡ್ರಿ, ಅಲ್ಲೆ ನಿಲ್ಲಿಸಿದ್ದ ಕಾರಿನ ಕಿಟಕಿ ಗ್ಲಾಸ್ ಪುಡಿಪುಡಿ. ಅತ್ತಿಯವರು, "ಅದರ ರೊಕ್ಕ ಯಾರ ಕೊಡೋರು?" ಅಂದ್ರು. ನಡುವ ಗೆಲ್ಲೂದು ಸೋಲೂದು ನಡದಿತ್ತು.

ಮಾರ್ಚ್ 10, ಶಿವರಾತ್ರಿ ಅಮಾಸಿ, ಐತವಾರ. ಡೆಲ್ಲ್ಯಾಗ ಡೆಲ್ಲಿ ಟೀಮಿನ ಜೋಡಿ ಮ್ಯಾಚು. ಅವರದು 181. ನಮ್ಮ ಕಡೆ ರಿಚಾ ಘೋಷ್, ಬಂಗಾಲದ ಹುಡುಗಿ, ಒಂದ ಸವನ ಹೊಡದ್ಳು, 51 ಮಾಡಿದ್ಳು. ಕಡೀ ಬಾಲಿಗೆ ಎರಡ ರನ್ ಬೇಕಿತ್ತು. ಓಡಿದ್ಳು, ರನೌಟ್. ಒಂದ ರನ್ನಿಲೆ ಸೋತ್ರು. ಹುಡುಗಿ ಅಲ್ಲೆ ನೆಲದ ಮ್ಯಾಲೆ ಬಿದ್ದ ಅತ್ಲು. ಅತ್ತಿಯವರು ಹಾಸಗಿ ಮ್ಯಾಲೆ ಎದ್ದ ಕುಂತು, "ಯಾರರ ಎಬ್ಬಸ್ರೋ ಕೂಸಿನ್ನ" ಅಂತ ಟಿವಿಗೆ ಹೇಳಾಕತ್ತಿದ್ರು. ನನಗೂ ಕಣ್ಣೀರ ಬಂತು, ಆದ್ರ ರಿಚಾನ ಸಲುವಾಗಿ ಅಲ್ಲ.

ಇನ್ನ ಹೇಳೇ ಬಿಡ್ತೀನಿ. ನಮ್ಮ ಮಗಳು ಕಾಲೇಜ್ ಟೀಮಿನ್ಯಾಗ ಆಡ್ತಿದ್ಳು. 2012ರಾಗ ಪರ ಊರಿಗೆ ನಾಕ ದಿನದ ಮ್ಯಾಚಿತ್ತು, ಆ ದಿನದಾಗ ಕನ್ಯಾ ನೋಡಾಕ ಬರೋರಿದ್ರು. ನಾನ ಬ್ಯಾಡಂದೆ. "ಬಿಸಲಾಗ ಕರ್ರಗಾಗಿ, ಮೊಣಕಾಲ ಕೆತ್ತಿಕೊಂಡು ಬಂದ್ರ ಯಾರ ಮಾಡ್ಕೋತಾರ?" ಅಂದಿದ್ದೆ. ಅವರಪ್ಪ ಏನೂ ಅಂದಿದ್ದಿಲ್ಲ, ನಾನ ಅಂದಿದ್ದು. ಬಂದೋರು ಅವಲಕ್ಕಿ ತಿಂದು ಹೋದ್ರು, ಆ ಸಂಬಂಧ ಕೂಡಲೂ ಇಲ್ಲ. ಅಕಿ ಮುಂದ ಗ್ರೌಂಡಿಗೆ ಹೋಗಲಿಲ್ಲ. ಜಗಳಾ ಸೈತ ಮಾಡಲಿಲ್ಲ. ಮಾಡಿದ್ರ ಚೊಲೊ ಇತ್ತು.

ಮಾರ್ಚ್ 15ಕ್ಕ ಮುಂಬೈ ಜೋಡಿ. ಸೋತ್ರ ಮನಿಗೆ. ನಮ್ಮದು ಬರೇ 135, ಅದರಾಗ ಪೆರಿದ 66. ಮುಂಬೈಯವರು ಗೆದ್ದಂಗ ಇದ್ರು. ಶ್ರೇಯಾಂಕಾ ಪಾಟೀಲ, ನಮ್ಮ ಕರ್ನಾಟಕದ 21 ವರ್ಷದ ಹುಡುಗಿ, ಅವರ ಕ್ಯಾಪ್ಟನ್ ಹರ್ಮನ್‌ಪ್ರೀತ್‌ನ್ನ ಔಟ್ ಮಾಡಿದ್ಳು. ಕಡೀ ಓವರಿಗೆ 12 ಬೇಕಿತ್ತು. ಬಾಲ್ ಯಾರ ಕೈಯಾಗ ಕೊಟ್ರು ಅಂದ್ರ, ಆಶಾನ ಕೈಯಾಗ. ಆರ ರನ್ ಅಷ್ಟ ಕೊಟ್ಲು. ಐದ ರನ್ನಿಲೆ ಗೆದ್ವಿ.

ಐದ ಮಿನಿಟಿನ್ಯಾಗ ಪುಣೆದಿಂದ ಮಗಳ ಫೋನ್. ಅಕಿನೂ ನೋಡಾಕತ್ತಿದ್ಳಂತ, ನನಗ ಗೊತ್ತ ಇದ್ದಿಲ್ಲ. "ಅವ್ವಾ, ಆ ಲೆಗ್ ಸ್ಪಿನ್ ನೋಡಿದೇನ? ನಾನೂ ಅದನ್ನ ಹಾಕ್ತಿದ್ದೆ" ಅಂದ್ಳು. ಎರಡ ವರ್ಷ ನಾನ ಡಬ್ಬಿ ಕಟ್ಟಿ ಗ್ರೌಂಡಿಗೆ ಕಳಿಸೇನ್ರಿ, ಒಂದ ದಿನ ಹೋಗಿ ನೋಡಿದ್ದಿಲ್ಲ. ಅಕಿ ಏನ ಹಾಕ್ತಿದ್ಳು ಅನ್ನೂದ ನನಗ ಅವತ್ತ ಗೊತ್ತಾತು. ಬಾಯಿಗೆ ಬಂದದ್ದು "ಊಟ ಆತೇನ?" ಅಂತ ಅಷ್ಟ.

ಮಾರ್ಚ್ 17ಕ್ಕ ಫೈನಲ್. ಮತ್ತ ಅದ ಡೆಲ್ಲಿ ಊರು, ಅದ ಡೆಲ್ಲಿ ಟೀಮು. ಬಾಜೂಮನಿ ಅಕ್ಕಾರು ಚುರಮುರಿ ಒಗ್ಗರಣಿ ಹಾಕ್ಕೊಂಡ ಬಂದ್ರು. ಡೆಲ್ಲಿಯವರು ಒಂದೂ ವಿಕೆಟ್ ಇಲ್ಲದ 64 ಮಾಡಿದ್ರು, ಮನಿಯವರು "ಮುಗೀತ ಬಿಡ್ರಿ" ಅಂದ್ರು. ಅವರಿಗೆ 16 ವರ್ಷದ ರೂಢಿ. ಸೋಫಿ ಮೊಲಿನ್ಯೂ ಒಂದ ಓವರಿನ್ಯಾಗ ಮೂರ ಮಂದಿನ್ನ ಕಳಿಸಿದ್ಳು. ಆಮ್ಯಾಲೆ ಶ್ರೇಯಾಂಕಾ 12 ರನ್ ಕೊಟ್ಟು ನಾಕ ವಿಕೆಟ್. ಎಲ್ಲಾ ಕೂಡಿ 113ಕ್ಕ ಮುಗದ್ರು.

ನಮ್ಮವರು ಭಾಳ ಸಾವಕಾಶ ಆಡಿದ್ರು, ಜೀವಾ ಹೋಗಿ ಬಂತು. ಕಡೀ ಓವರಿಗೆ ಬಂದ ನಿಂತಿತು. "ಆ ಅಳೂ ಹುಡುಗಿನ ಬ್ಯಾಟ್ ಹಿಡದಾಳ ನೋಡವಾ" ಅಂದ್ರು ಅತ್ತಿಯವರು. ಖರೇನ, ರಿಚಾ. ಫೋರ್ ಹೊಡದ್ಳು, ಮುಗೀತು. ನಮ್ಮ ಕೆಲಗೇರಿ ಓಣ್ಯಾಗ ಹುಡುಗರು ಪಟಾಕಿ ಹಚ್ಚಿದ್ರು. ಮನಿಯವರು ಸ್ಮೃತಿ ಮಂಧಾನಾ ಕಪ್ ಎತ್ತೂದನ್ನ ನೋಡಕೋತ ಸುಮ್ನ ನಿಂತಿದ್ರು. ಅವತ್ತ ರೊಟ್ಟಿ ಒಂದೂ ಉಳೀಲಿಲ್ಲ.

ಇಷ್ಟ ದಿನಾ ಬಿಟ್ಟು ಈಗ ಯಾಕ ಬರದೆ ಅಂದ್ರ, ಮೇ 6ಕ್ಕ ಆಶಾ ಬಾಂಗ್ಲಾದೇಶದಾಗ ಭಾರತದ ಟೀಮಿಗೆ ಮೊದಲನೇ ಸಲ ಆಡಿದ್ಳು. 33 ವರ್ಷಕ್ಕ. ನಾನ ಮಗಳಿಗೆ ವಿಡಿಯೋ ಕಾಲ್ ಹಚ್ಚಿದೆ. "ಆ ಲೆಗ್ ಸ್ಪಿನ್ ಹೆಂಗ ಹಿಡೀತಾರ, ತೋರ್ಸು" ಅಂದೆ. ಸ್ವಲ್ಪ ಹೊತ್ತ ಅಕಿ ಏನೂ ಅನ್ನಲಿಲ್ಲ. ಆಮ್ಯಾಲೆ ಎದ್ದ ಹೋಗಿ ಒಂದ ನಿಂಬಿಹಣ್ಣ ತಂದ್ಳು. ನಾನೂ ಒಂದ ತಗೊಂಡೆ. ಮಣಿಕಟ್ಟ ತಿರುವಬೇಕಂತ, ಮೂರನೇ ಬೆರಳಿಲೆ ಬಿಡಬೇಕಂತ. ನನಗ ಬರವಲ್ದು. "ಹಂಗಲ್ಲವಾ, ಹಂಗಲ್ಲ" ಅಂತ ನಗಾಕತ್ತಿದ್ಳು.

ಅತ್ತಿಯವರು ಒಳಗಿಂದ, "ಆ ಹಣ್ಣ ಉಪ್ಪಿನಕಾಯಿಗೆ ತಂದದ್ದು, ಅಮುಕಬ್ಯಾಡ" ಅಂದ್ರು.