ತಾಯಿ ಅಂದ್ರೆ ಅಜ್ಜಿ (ಮನೆಮಾತು ಸರಣಿ, ಭಾಗ 5)

ನಿಮಗೊಂದು ಪ್ರಶ್ನೆ. "ತಾಯಿ" ಅಂದ್ರೆ ಯಾರು?

ಅಮ್ಮ ಅಂತೀರಿ. ನಮ್ಮ ಕೊಡವ ತಕ್ಕ್‌ನಲ್ಲಿ ತಾಯಿ ಅಂದ್ರೆ ಅಜ್ಜಿ. ಅಮ್ಮನಿಗೆ ಅವ್ವ ಅಂತೀವಿ. ತಕ್ಕ್ ಅಂದ್ರೆ ಮಾತು. ಹಾಗಾಗಿ ನಮ್ಮ ಲೆಕ್ಕದಲ್ಲಿ ತಾಯ್ನುಡಿ ಅಂದ್ರೆ ಅಜ್ಜಿಯ ನುಡಿ!

ತಮಾಷೆ ಅಲ್ಲ. ಬನಶಂಕರಿಯ ನಮ್ಮ ಮನೇಲಿ ನಡೀತಿರೋದೇ ಹಾಗೆ. ಅಪ್ಪ, ಅವ್ವ ತಾಯಿ ಹತ್ರ ತಕ್ಕ್‌ನಲ್ಲಿ ಮಾತಾಡ್ತಾರೆ. ನನ್ನ ಕಡೆ ತಿರುಗಿದ ತಕ್ಷಣ ಕನ್ನಡ. ನಾನು ಎಲ್‌ಕೆಜಿಗೆ ಸೇರಿದಾಗ ಟೀಚರ್ ಒಬ್ರು "ಮನೇಲಿ ಮೂರು ಮೂರು ಭಾಷೆ ಮಾತಾಡಿ ಮಗೂನ ಕನ್ಫ್ಯೂಸ್ ಮಾಡ್ಬೇಡಿ" ಅಂದಿದ್ರಂತೆ. ಮೂರರಲ್ಲಿ ಯಾವುದು ಹೋಯ್ತು ಅಂತ ಹೇಳೋದೇ ಬೇಡ. ಇವತ್ತು ನನಗೆ ತಕ್ಕ್ ಪೂರ್ತಿ ಅರ್ಥ ಆಗತ್ತೆ, ಬಾಯಿಗೆ ಬರೋದು ಅರ್ಧ. ನಿಮ್ಮಲ್ಲೂ ಎಷ್ಟೋ ಜನರ ಕಥೆ ಇದೇ ಇರಬಹುದು. ತುಳು, ಕೊಂಕಣಿ, ಬ್ಯಾರಿ, ಅರೆಭಾಷೆ, ಸಂಕೇತಿ, ಯಾವುದಾದ್ರೂ ಸರಿ.

ಬಿಕಾಂ ಓದ್ತಿರೋದ್ರಿಂದ ಮೊದಲು ನಂಬರ್ ನೋಡೋ ಚಾಳಿ. ಜನಗಣತಿಯಲ್ಲಿ ನಮ್ಮ ಭಾಷೆ "ಕೂರ್ಗಿ/ಕೊಡಗು" ಅನ್ನೋ ಹೆಸರಲ್ಲಿದೆ. 1991ರಲ್ಲಿ 97,011 ಜನ. 2001ರಲ್ಲಿ 1,66,187. 2011ರಲ್ಲಿ 1,13,857.

ಸ್ವಲ್ಪ ನಿಂತು ನೋಡಿ. ಹತ್ತು ವರ್ಷದಲ್ಲಿ ಸುಮಾರು 69 ಸಾವಿರ ಜಾಸ್ತಿ, ಇನ್ನು ಹತ್ತು ವರ್ಷದಲ್ಲಿ 52 ಸಾವಿರ ಕಮ್ಮಿ. ಬರೀ ಹುಟ್ಟು ಸಾವಿನಿಂದ ಇಷ್ಟು ಏರಿಳಿತ ಆಗಲ್ಲ. ಗಣತಿಯವರು ಬಾಗಿಲಿಗೆ ಬಂದಾಗ ನಾವು ಏನು ಹೇಳಿದ್ವಿ, ಅವರು ಏನು ಬರ್ಕೊಂಡ್ರು, ಅದೂ ಈ ನಂಬರ್‌ನಲ್ಲಿ ಸೇರಿರಲೇಬೇಕು. ಯುನೆಸ್ಕೋದವರ ಅಳಿವಿನ ಅಪಾಯದಲ್ಲಿರೋ ಭಾಷೆಗಳ ಪಟ್ಟಿಯಲ್ಲೂ ನಮ್ಮ ಭಾಷೆ ಇದೆ.

"ಪುಸ್ತಕ ಇದೆಯಲ್ಲ, ಉಳಿಯತ್ತೆ ಬಿಡು" ಅಂತಾರೆ ಕೆಲವರು. ಇದೆ, ನಿಜ. ಆ ಪುಸ್ತಕದ ಮೇಲೆ ನನಗೆ ತುಂಬಾ ಗೌರವ. ನಡಿಕೇರಿಯಂಡ ಚಿಣ್ಣಪ್ಪ ಅವರು ಪೊಲೀಸ್ ಇಲಾಖೆಯಲ್ಲಿದ್ದವರು. ಬಾಯಿಂದ ಬಾಯಿಗೆ ಬಂದ ಹಾಡು, ಗಾದೆ, ಒಗಟು, ಪದ್ಧತಿಗಳನ್ನ ಕೇಳಿ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರು. 1924ರಲ್ಲಿ ಅದು "ಪಟ್ಟೋಲೆ ಪಳಮೆ" ಅಂತ ಬಂತು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದರ ಇಂಗ್ಲಿಷ್ ಅನುವಾದ ತಂದ್ರು. ನಂಜಮ್ಮ ಅವರು ಸಂಖ್ಯಾಶಾಸ್ತ್ರಜ್ಞೆ ಅಂತ ಗೊತ್ತಾದಾಗ ನನಗಂತೂ ಸಿಕ್ಕಾಪಟ್ಟೆ ಖುಷಿ ಆಯ್ತು.

ಆದ್ರೆ ಆ ಹಾಡು ಹಾಡೋ ಕ್ರಮ ಕೇಳಿ. ನಾಲ್ಕು ಜನ ದುಡಿ ಹಿಡಿದು ನಿಲ್ತಾರೆ. ದುಡಿ ಅಂದ್ರೆ ನಡು ಸಣ್ಣಗಿರೋ, ಕೈಯಲ್ಲಿ ಹಿಡಿಯೋ ಚಿಕ್ಕ ವಾದ್ಯ. ಇಬ್ಬರು ಒಂದು ಸಾಲು ಹಾಡಿದ್ರೆ ಇನ್ನಿಬ್ಬರು ಅದನ್ನೇ ತಿರುಗಿ ಹಾಡ್ತಾರೆ. ಮದುವೆಗೆ ಒಂದು ಪಾಟ್, ಪುತ್ತರಿಗೆ ಒಂದು, ಸಾವಿಗೂ ಒಂದು. ಯಾರ ಮನೆಯ ಕಾರ್ಯವೋ ಆ ಮನೆಗೆ, ಆ ಜನಕ್ಕೆ ತಕ್ಕ ಹಾಗೆ ಮಾತು ನಿಂತಲ್ಲೇ ಹೊಂದಿಸ್ಕೋಬೇಕು. ಪುಸ್ತಕದಲ್ಲಿ ಹಾಡು ಸಿಗತ್ತೆ. ನಿಂತಲ್ಲೇ ಮಾತು ಕಟ್ಟೋಕೆ ದಿನಾ ಆ ಭಾಷೆಯಲ್ಲೇ ಜಗಳ ಆಡಿ, ನಕ್ಕು ಬೆಳೆದವರೇ ಆಗಬೇಕು.

ಇದಕ್ಕೆ ದಾರಿ ಇಲ್ವಾ? ಇದೆ. ನ್ಯೂಜಿಲೆಂಡ್‌ನಲ್ಲಿ ಮಾವೊರಿ ಜನ 1982ರಲ್ಲಿ "ಕೊಹಾಂಗ ರೆಯೊ" ಶುರು ಮಾಡಿದ್ರು. ಹಾಗಂದ್ರೆ ಭಾಷೆಯ ಗೂಡು. ಅಪ್ಪ ಅಮ್ಮಂದಿರ ತಲೆಮಾರು ಭಾಷೆ ಬಿಟ್ಟಾಗಿತ್ತು, ಅಜ್ಜ ಅಜ್ಜಿಯರ ಹತ್ರ ಇನ್ನೂ ಇತ್ತು. ಅದಕ್ಕೆ ಪುಟ್ಟ ಮಕ್ಕಳನ್ನ ಹಿರಿಯರ ಕೈಗೆ ಕೊಟ್ಟು, ಅಲ್ಲಿ ಮಾವೊರಿ ಮಾತ್ರ ಅಂದ್ರು. ಮಧ್ಯದ ತಲೆಮಾರನ್ನ ದಾಟಿ ನೇರವಾಗಿ ಅಜ್ಜಿಯಿಂದ ಮಗುವಿಗೆ.

ನಮ್ಮ ಮನೇಲೂ ಈಗ ಅಂಥದ್ದೊಂದು ಪುಟ್ಟ ಗೂಡಿದೆ. ಅಕ್ಕ ಇರೋದು ಜೆ.ಪಿ. ನಗರದಲ್ಲಿ. ಆಫೀಸಿಗೆ ಹೋಗುವಾಗ ಎರಡು ವರ್ಷದ ಮಗನನ್ನ ನಮ್ಮಲ್ಲಿ ಬಿಟ್ಟು ಹೋಗ್ತಾಳೆ. ಇಡೀ ದಿನ ಅವನ ಜೊತೆಗಿರೋದು ತಾಯಿ. ಅವರು ಅವನ ಹತ್ರ ತಕ್ಕ್ ಬಿಟ್ಟು ಬೇರೆ ಆಡಲ್ಲ. ಅವನು ಅನ್ನಕ್ಕೆ ಕಲಿತ ಮೊದಲ ಪದ "ಕೂಳ್".

ಸಮಸ್ಯೆ ಬಂದಿದ್ದೂ ಅಲ್ಲೇ. ಬೆಂಗಳೂರಲ್ಲಿ "ಕೂಳು" ಅಂದ್ರೆ ಬೈಗುಳದ ಹಾಗೆ ಕೇಳತ್ತೆ. ಮಿನಿ ಫಾರೆಸ್ಟ್ ಪಾರ್ಕಲ್ಲಿ ಅವನು "ಕೂಳ್, ಕೂಳ್" ಅಂದಾಗ ಪಕ್ಕದ ಬೆಂಚಿನವರು ನಕ್ಕರಂತೆ. ಅಕ್ಕನಿಗೆ ಮುಜುಗರ. "ಇನ್ಮೇಲೆ ಅನ್ನ ಅಂತ ಹೇಳಿಕೊಡಿ" ಅಂದ್ಲು. ತಾಯಿ ಏನೂ ಮಾತಾಡ್ಲಿಲ್ಲ, ಆದ್ರೆ ಅವರ ಮುಖ ನೋಡೋಕಾಗ್ಲಿಲ್ಲ. ಆ ರಾತ್ರಿ ಮನೇಲಿ ದೊಡ್ಡ ಚರ್ಚೆ. ಕೊನೆಗೆ ಅವ್ವನೇ ಹೇಳಿದ್ರು: "ಅನ್ನ ಅನ್ನೋದನ್ನ ಬೀದಿ ಕಲಿಸತ್ತೆ, ಸ್ಕೂಲೂ ಕಲಿಸತ್ತೆ. ಕೂಳ್ ಅನ್ನೋದನ್ನ ಈ ಮನೆ ಬಿಟ್ರೆ ಯಾರು ಕಲಿಸ್ತಾರೆ?" ಅಕ್ಕ ಒಪ್ಪಿದ್ಲು. ಅವ್ವನೂ ಈಗ ಅವನ ಹತ್ರ ತಕ್ಕ್‌ನಲ್ಲೇ ಮಾತಾಡ್ತಾರೆ. ನಾನೂ, ತಪ್ಪೋ ಸರಿಯೋ.

ಯಾಕೆ ಇಷ್ಟು ಅವಸರ ಅಂದ್ರೆ, ತಾಯಿಗೆ ಈಗ 81.

ಇನ್ನೊಂದು ವಿಷಯ. ಮುಂದಿನ ಜನಗಣತಿ 2027ಕ್ಕೆ. ಗಣತಿಯ ಪ್ರಕಾರ ಮಾತೃಭಾಷೆ ಅಂದ್ರೆ ಬಾಲ್ಯದಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆ. ಈ "ತಾಯಿ" ಕನ್ನಡದ ತಾಯಿ, ಅಂದ್ರೆ ಅಮ್ಮ! ಅಮ್ಮ ಮಗುವಿನ ಹತ್ರ ಕನ್ನಡವನ್ನೋ ಇಂಗ್ಲಿಷನ್ನೋ ಆಡಿದ್ರೆ ಪ್ರಾಮಾಣಿಕವಾಗಿ ಅದನ್ನೇ ಬರೆಸಬೇಕಾಗತ್ತೆ. ಮನೇಲಿ ಆಡದೇ ಇರೋದನ್ನ ಅಭಿಮಾನಕ್ಕೆ ಬರೆಸಿ ನಂಬರ್ ಏರಿಸಿದ್ರೆ ಏನು ಪ್ರಯೋಜನ? ಆದ್ರೆ ನಿಮಗೆ ನಿಮ್ಮಮ್ಮ ಆಡಿದ್ದು ಕೊಡವ ತಕ್ಕೋ ತುಳುವೋ ಆಗಿದ್ದರೆ, "ಅಯ್ಯೋ ಕನ್ನಡ ಅಂತಲೇ ಹಾಕ್ಕೊಳ್ಳಿ ಸಾರ್" ಅನ್ನಬೇಡಿ. ಇದ್ದದ್ದು ಇದ್ದ ಹಾಗೆ ಬರೆಸಿ.

ಅದಕ್ಕಿಂತ ಮುಂಚೆ, ಇವತ್ತು ಸಂಜೆ ಮನೆಯಲ್ಲಿರೋ ಹಿರಿಯರ ಹತ್ರ ಹತ್ತು ನಿಮಿಷ ಅವರ ಭಾಷೆಯಲ್ಲೇ ಮಾತಾಡಿ. ಅವರು ಒಪ್ಪಿದ್ರೆ ಮೊಬೈಲಲ್ಲಿ ರೆಕಾರ್ಡೂ ಮಾಡಿ. ನೀವು ತಪ್ಪು ಮಾತಾಡಿದ್ರೆ ಅವರು ನಗ್ತಾರೆ. ನಗಲಿ ಬಿಡಿ.

ನಿಮ್ಮ ಮನೇಲಿ ಅನ್ನಕ್ಕೆ ಏನಂತಾರೆ? ಕೆಳಗೆ ಬರೀರಿ. ಭಾಗ 6ರಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕ್ತೀನಿ.

#ಮನೆಮಾತು #ಕೊಡವತಕ್ಕ್ #ಬನಶಂಕರಿ #ಅಜ್ಜಿಯನುಡಿ