ಲೇಪಾಕ್ಷಿಯ ಜಟಾಯು, ರಾಮನಗರದ ರಣಹದ್ದು

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನನಗೆ ಕೆಲಸ ಸಿಕ್ಕಿದ್ದು ಆಂಧ್ರದ ಹಿಂದೂಪುರದಲ್ಲಿ. ಅಲ್ಲಿಂದ ಲೇಪಾಕ್ಷಿ ಸುಮಾರು 15 ಕಿ.ಮೀ. ಊರು ಆಂಧ್ರದ್ದಾದರೂ ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿ ಕನ್ನಡ ಶಾಸನಗಳಿವೆ. ಊರ ಬಂಡೆಯ ಮೇಲೆ ಜಟಾಯುವಿನ ದೊಡ್ಡ ಪ್ರತಿಮೆ ಇದೆ. ರಾವಣನೊಡನೆ ಕಾದಾಡಿ ಜಟಾಯು ಬಿದ್ದದ್ದು ಇಲ್ಲೇ, ರಾಮ ಅದನ್ನು ‘ಲೇ ಪಕ್ಷಿ’, ಅಂದರೆ ‘ಏಳು ಹಕ್ಕಿ’ ಎಂದು ಎಬ್ಬಿಸಿದ ಎನ್ನುವುದು ಅಲ್ಲಿಯವರ ನಂಬಿಕೆ.

ಕಲ್ಲಿನ ಮೇಲೆ ಇಷ್ಟು ದೊಡ್ಡದಾಗಿರುವ ಹಕ್ಕಿ ಆಕಾಶದಲ್ಲಿ ಯಾಕೆ ಕಾಣುವುದಿಲ್ಲ? ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಭಾನುವಾರ ಗೆಳೆಯನೊಂದಿಗೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದೆ. ‘ಶೋಲೆ’ ಸಿನಿಮಾ ನೋಡಿದವರಿಗೆಲ್ಲ ರಾಮನಗರದ ಬಂಡೆಗಳ ಪರಿಚಯವಿದೆ. 2012ರಲ್ಲಿ ಸರಕಾರ ಇಲ್ಲಿನ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದುಗಳ ವನ್ಯಧಾಮ ಎಂದು ಘೋಷಿಸಿತು. ಉದ್ದ ಕೊಕ್ಕಿನ ರಣಹದ್ದು ಇಂಥ ಕಡಿದಾದ ಬಂಡೆಗಳಲ್ಲೇ ಗೂಡು ಕಟ್ಟುತ್ತದೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.

ಒಂದು ಗಂಟೆ ಕಾದೆವು. ಗಿಡುಗಗಳು ಸುತ್ತಿದವು, ರಣಹದ್ದು ಬರಲಿಲ್ಲ. ದೂರದ ಬಂಡೆಯಲ್ಲಿ ಸುಣ್ಣ ಸುರಿದಂಥ ಬಿಳಿ ಗೆರೆಗಳಿದ್ದವು. ಹಕ್ಕಿಗಳು ಕೂರುವ ಜಾಗದ ಗುರುತು ಅದು. ನಾವು ನೋಡಿದ್ದು ಅಷ್ಟೇ.

ಇವುಗಳನ್ನು ಕೊಂದದ್ದು ಬೇಟೆಗಾರರಲ್ಲ, ನೋವಿನ ಮದ್ದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸುತ್ತದೆ. ಇದು ವಿಜ್ಞಾನಿಗಳಿಗೆ ಖಚಿತವಾದದ್ದು 2004ರಲ್ಲಿ. 2006ರಲ್ಲಿ ಭಾರತ ಜಾನುವಾರುಗಳಿಗೆ ಈ ಮದ್ದನ್ನು ನಿಷೇಧಿಸಿತು. ಆದರೆ ಮನುಷ್ಯರಿಗಾಗಿ ಅದು ಮೆಡಿಕಲ್‌ಗಳಲ್ಲಿ ಈಗಲೂ ಸಿಗುತ್ತದೆ.

ಪೆರ್ನಾಳ್‌ಗೆ ಊರಿಗೆ ಹೋದಾಗ ಇದನ್ನು ಬಾಪನಿಗೆ ಹೇಳಿದೆ. ನಮ್ಮ ಅಂಗಡಿಗೆ ಹಿಂಡಿ, ಬೂಸ ಒಯ್ಯಲು ದನ ಸಾಕುವವರೇ ಹೆಚ್ಚು ಬರುವುದು. ಬಾಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಸಣ್ಣವನಿರುವಾಗ ಗುಡ್ಡೆಯಲ್ಲಿ ದನ ಸತ್ತು ಬಿದ್ದರೆ ಎಲ್ಲಿಂದಲೋ ಬಂದು ಇಳಿಯುತ್ತಿದ್ದವು. ಎರಡು ದಿನದಲ್ಲಿ ಎಲುಬು ಮಾತ್ರ ಉಳಿಯುತ್ತಿತ್ತು. ಈಗ ನಾಯಿಗಳೇ” ಎಂದರು.

ಮರುದಿನ ಒಬ್ಬರು ಬಂದು, “ಬ್ಯಾರಿಗಳೇ, ದನ ಕುಂಟುತ್ತಿದೆ, ಮನೆಯಲ್ಲಿ ನನ್ನ ಸೊಂಟನೋವಿನ ಮಾತ್ರೆ ಉಂಟು, ಕೊಡಬಹುದಾ?” ಎಂದು ಕೇಳಿದರು. ಬಾಪ ಹಿಂಡಿ ತೂಗುತ್ತಲೇ, “ಬೇಡ ಮಾರಾಯ್ರೆ, ದನದ ಡಾಕ್ಟರರನ್ನು ಕೇಳಿ. ಮೆಲಾಕ್ಸಿಕ್ಯಾಮ್ ಅಂತ ಬೇರೆ ಮದ್ದು ಉಂಟಂತೆ, ಅದು ಹಕ್ಕಿಗೂ ತೊಂದರೆ ಮಾಡುವುದಿಲ್ಲವಂತೆ” ಎಂದರು.

ನಿಮ್ಮ ಮನೆಯಲ್ಲೂ ದನ, ಆಡು ಇದ್ದರೆ ಇಷ್ಟು ನೆನಪಿಡಿ.