ತಿಮ್ಮಾಪುರದ ಹಳೇ ಲೈನು

ಮುಧೋಳ ತಾಲ್ಲೂಕಿನ ತಿಮ್ಮಾಪುರದ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಅಲ್ಲಿ ನಾವು ಕುಡಿಯುವ ನೀರಿನ ಪೈಪಿಗೆ ಅಳತೆ ಹಿಡಿದಾಗ ಕಬ್ಬಿನ ಹಂಗಾಮು. ಟ್ರ್ಯಾಕ್ಟರ್ ಬಂದಾಗಲೆಲ್ಲ 30 ಮೀಟರಿನ ಟೇಪು ಸುತ್ತಿಕೊಂಡು ಬದಿಗೆ ಸರಿಯಬೇಕು, ಹೋದ ಮೇಲೆ ಮತ್ತೆ ಹಿಡಿಯಬೇಕು. ಅಳತೆಗೋಲು (ಸ್ಟಾಫ್) ನಿಲ್ಲಿಸುವವ ಒಬ್ಬ, ಎತ್ತರ ಅಳೆಯುವ ಡಂಪಿ ಲೆವೆಲ್ಲಿಗೆ ಕಣ್ಣಿಟ್ಟು ನಾನು. ಕಚೇರಿಗೆ ಬಂದು ಟ್ರೇಸಿಂಗ್ ಹಾಳೆಯ ಮೇಲೆ ಓಣಿಗಳನ್ನು ಬರೆದು ಎಸ್ಟಿಮೇಟ್ ಮುಗಿಸುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ಹಳ್ಳಿಯ ಪ್ರತಿ ಮನೆಗೂ ನಳ, ತಲೆಗೆ ದಿನಕ್ಕೆ 55 ಲೀಟರ್. ಅಷ್ಟೂ ಊರುಗಳ ಎಸ್ಟಿಮೇಟ್ ಒಮ್ಮೆಲೇ ಬೇಕಾದಾಗ ಟೇಪಿನಿಂದ ಸಾಗುವ ಕೆಲಸವಾಗಿರಲಿಲ್ಲ. ಕಚೇರಿಯ ಹೊಸ ಹುಡುಗರು ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಉಪಗ್ರಹ ಚಿತ್ರ ತೆರೆದು ಓಣಿಗುಂಟ ಗೆರೆ ಎಳೆದರು; ಯಾವ ಸೈಜಿನ ಪೈಪು ಎಷ್ಟು ಮೀಟರ್ ಎಂಬುದು ಸಂಜೆಯೊಳಗೆ ಕೈಗೆ ಬಂತು. ಅದರ ಜೊತೆ ಎತ್ತರವನ್ನೂ ನೀರಿನ ಒತ್ತಡ ಲೆಕ್ಕ ಹಾಕುವ ತಂತ್ರಾಂಶ ಇಪಾನೆಟ್‌ಗೆ ಕೊಟ್ಟರೆ ಕಟ್ಟಕಡೆಯ ಮನೆಗೆ ನೀರು ಏರುತ್ತದೋ ಇಲ್ಲವೋ ಎಂದೂ ಹೇಳುತ್ತದೆ. ಪೈಪು ಹೂಳುವ ಮೊದಲೇ ಇದು ತಿಳಿಯುವುದೆಂದರೆ ನನ್ನಂಥವನಿಗೆ ಹಬ್ಬ.

ಆದರೆ ಎತ್ತರದ ವಿಷಯದಲ್ಲಿ ನಾನು ಇಂದಿಗೂ ಲೆವೆಲ್ ಯಂತ್ರದ ಪಕ್ಷ. ಪುಕ್ಕಟೆ ಸಿಗುವ ಉಪಗ್ರಹದ ಎತ್ತರದಲ್ಲಿ ಸುಮಾರು 30 ಮೀಟರಿನ ಒಂದು ಚೌಕಕ್ಕೆ ಒಂದೇ ಅಂಕಿ. ನಾಲ್ಕೈದು ಮೀಟರ್ ತಪ್ಪು ಅಲ್ಲಿ ಅಪರೂಪವಲ್ಲ. 10 ಮೀಟರ್ ಎತ್ತರಕ್ಕೆ ಸಿಗುವುದೇ ಒಂದು ಕೆ.ಜಿ. ಒತ್ತಡ, ಟಾಕಿಯ ಜಾಗದಲ್ಲಿ ನಾಲ್ಕು ಮೀಟರ್ ತಪ್ಪಿದರೆ ದಿಬ್ಬದ ಮನೆಯ ನಳ ಒಣಗಿಯೇ ಇರುತ್ತದೆ. ಮಣ್ಣಿನ ಕತೆಯೂ ಹಾಗೇ. ಎರೆಮಣ್ಣು ಅಗೆಯುವ ದರ ಬೇರೆ, ಗರಸಿನದು ಬೇರೆ, ಬಂಡೆಯದು ಬೇರೆ. ನೆಲದಡಿ ಇರುವುದು ಯಾವುದು ಎಂಬುದು ಮೇಲಿನಿಂದ ತೆಗೆದ ಚಿತ್ರದಲ್ಲಿ ತಿಳಿಯದು.

ಹಳೇ ಪೈಪಂತೂ ಯಾವ ಚಿತ್ರದಲ್ಲೂ ಕಾಣದು. ಒಂದು ದಿನ ತಿಮ್ಮಾಪುರದಲ್ಲಿ ನೀರು ಬಿಡುವ ಹಿರಿಯರನ್ನು ಕರೆದುಕೊಂಡು ಹೊರಟೆವು. ಓಣಿಯ ತಿರುವಿನಲ್ಲಿ ನಿಂತು ಕೋಲು ಊರಿ, "ಇಲ್ಲೇ ಐತ್ರಿ ಸಾಹೇಬ್ರ ಹಳೇ ಲೈನು. ಮುಂದ ಗುಡಿ ಕಡೆ ಹೊಳ್ಳೈತಿ" ಅಂದರು. ನಮ್ಮ ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ. ಅಗೆಸಿದೆವು. ಎರಡೂವರೆ ಅಡಿ ಕೆಳಗೆ ಬೂದು ಬಣ್ಣದ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಪೈಪು, ಅದರ ಪಕ್ಕದಲ್ಲೇ ಮಣ್ಣು ಮುಚ್ಚಿದ ವಾಲ್ವು. ಜೊತೆಗಿದ್ದ ಹುಡುಗ ಮೊಬೈಲ್ ಹಿಡಿದು ಆ ಜಾಗವನ್ನು ನಕ್ಷೆಗೆ ಏರಿಸಿದ. ಹಿರಿಯರು ಆಗಲೇ ಮುಂದಿನ ತಿರುವಿನಲ್ಲಿ ಕೋಲು ಊರಿ ನಿಂತಿದ್ದರು.

ನಿಮ್ಮ ಊರಿನಲ್ಲೂ ಅಂಥವರೊಬ್ಬರು ಇದ್ದಾರು. ಅವರು ಕೆಲಸ ಬಿಡುವ ಮೊದಲು ಅವರ ಹಿಂದೆ ಒಂದು ದಿನ ಓಣಿ ಓಣಿ ನಡೆಯಿರಿ, ತೋರಿಸಿದ್ದನ್ನೆಲ್ಲ ನಕ್ಷೆಗೆ ಏರಿಸಿರಿ.